ಮೊದಲು ಬೆಲೆ, ಆಮೇಲೆ ಅಡುಗೆ: ಹೀಗೆ ಲೆಕ್ಕ ಹಾಕುವವರು ಯಾರಿದ್ದೀರಿ?

ಅಡುಗೆಮನೆ ಲೆಕ್ಕ, ಬನಶಂಕರಿ

ನಮ್ಮ ಮನೆಯಲ್ಲಿ ಉಣ್ಣುವವರು ನಾಲ್ಕು ಜನ. ನಾನು, ಯಜಮಾನರು, ಹೈಸ್ಕೂಲ್ ಓದುವ ಮಗಳು, ನಮ್ಮ ಅತ್ತೆ. ದಿನಸಿ, ತರಕಾರಿ, ಹಾಲು ಎಲ್ಲ ಸೇರಿ ತಿಂಗಳ ಖರ್ಚು ಏರುತ್ತಲೇ ಇತ್ತು. ಯಾವುದೋ ಒಂದು ಅಂಗಡಿಯಲ್ಲಿ ಅಗ್ಗ ಅಂತ ಅಲ್ಲಿ ಇಲ್ಲಿ ಅಲೆಯುವ ಬದಲು ನಾನು ಬೇರೆ ದಾರಿ ಹಿಡಿದಿದ್ದೇನೆ. ಸಾಮಾನ್ಯವಾಗಿ ನಾವು ಏನು ಅಡುಗೆ ಅಂತ ಯೋಚಿಸಿ, ಆಮೇಲೆ ಚೀಟಿ ಬರೆದುಕೊಂಡು ಅಂಗಡಿಗೆ ಹೋಗುತ್ತೇವೆ. ನಾನು ಅದನ್ನು ತಿರುವಿ ಹಾಕಿದೆ. ಮೊದಲು ಬೆಲೆ, ಆಮೇಲೆ ಅಡುಗೆ.

ಸೋಮವಾರ ಬೀನ್ಸ್ ಪಲ್ಯ ಅಂತ ಮನಸ್ಸಿನಲ್ಲಿ ಕೂತುಬಿಟ್ಟರೆ ಬೀನ್ಸ್ ಎಷ್ಟಿದ್ದರೂ ಕೊಳ್ಳಲೇಬೇಕು. 2024ರ ಬೇಸಿಗೆ ನೆನಪಿದೆ ಅಲ್ವಾ? ಬೀನ್ಸ್ ಕೆ.ಜಿ.ಗೆ 200 ರೂಪಾಯಿ ದಾಟಿತ್ತು. ಅದರ ಬದಲು 'ಸೋಮವಾರ ಒಂದು ಪಲ್ಯ' ಅಂತ ಮಾತ್ರ ಇಟ್ಟುಕೊಂಡರೆ ಸೀಮೆಬದನೆಯೋ ಎಲೆಕೋಸೋ ಆ ಜಾಗಕ್ಕೆ ಬರುತ್ತದೆ. ಒಗ್ಗರಣೆ ಅದೇ, ತೆಂಗಿನಕಾಯಿ ಅದೇ. ತಟ್ಟೆ ಮುಂದೆ ಯಾರೂ ಅಳುವುದಿಲ್ಲ.

ಶನಿವಾರ ಬೆಳಿಗ್ಗೆ ಹಾಪ್‌ಕಾಮ್ಸ್ ಮಳಿಗೆಯ ದರಪಟ್ಟಿ ನೋಡುತ್ತೇನೆ. ಅಲ್ಲೇ ಕೊಳ್ಳಬೇಕು ಅಂತಿಲ್ಲ. ಯಾವುದು ಇಳಿದಿದೆ, ಯಾವುದು ಏರಿದೆ ಅಂತ ತಿಳಿಯಲು ಅದು ಸಾಕು. ಇಳಿದಿರುವುದರಲ್ಲಿ ಮೂರು ಥರದ್ದು ಆರಿಸುತ್ತೇನೆ. ಎರಡು ದಿನದಲ್ಲಿ ಬಾಡುವಂಥದ್ದು, ಅಂದರೆ ಸೊಪ್ಪು, ಬೆಂಡೆಕಾಯಿ. ನಾಲ್ಕೈದು ದಿನ ತಡೆಯುವಂಥದ್ದು, ಅಂದರೆ ಕೋಸು, ಕ್ಯಾರೆಟ್, ಬೀಟ್‌ರೂಟ್. ಮೂಲೆಯಲ್ಲಿ ಬಿದ್ದಿದ್ದರೂ ಕೆಡದಂಥದ್ದು, ಅಂದರೆ ಸಿಹಿಗುಂಬಳ, ಮಂಗಳೂರು ಸೌತೆ, ಸುವರ್ಣಗೆಡ್ಡೆ. ಬಾಡುವುದು ಮೊದಲು ಒಲೆಗೆ. ಶನಿವಾರ ಭಾನುವಾರ ಬಸ್ಸಾರು, ಮಸ್ಸೊಪ್ಪು. ವಾರದ ನಡುವೆ ಪಲ್ಯ, ಸಾಗು. ಗುರುವಾರ ಶುಕ್ರವಾರ ಕುಂಬಳಕಾಯಿ ಹುಳಿ, ಸೌತೆಕಾಯಿ ಮಜ್ಜಿಗೆ ಹುಳಿ. ಹೀಗೆ ಮಾಡಿದರೆ ಫ್ರಿಜ್ಜಿನ ಕೆಳಗಿನ ಡಬ್ಬದಲ್ಲಿ ಕೊತ್ತಂಬರಿ ಕೊಳೆತು ನೀರಾಗುವುದಿಲ್ಲ. ಎಸೆಯುವ ತರಕಾರಿಯೇ ದುಬಾರಿ ತರಕಾರಿ ಅಂತ ನಮ್ಮ ಅತ್ತೆ ಹೇಳುತ್ತಾರೆ.

ಪ್ರಶ್ನೆ ಈಗ. ತರಕಾರಿ ಸರಿ ಹೋಯಿತು. ಆದರೆ ದಿನಸಿಯ ಆಫರ್‌ಗಳು ನನಗೆ ತಲೆನೋವು. ತಿಂಗಳ ಮೊದಲ ವಾರ ಒಂದು, ಜನವರಿ 26ಕ್ಕೆ ಒಂದು, ಆಗಸ್ಟ್ 15ಕ್ಕೆ ಒಂದು. ನಿಜವಾಗಿ ಯಾವುದನ್ನು ತುಂಬಿಸಿಡಬೇಕು, ಯಾವುದನ್ನು ಬಿಡಬೇಕು? ಅನುಭವ ಇರುವವರು ಹೇಳಿ.

ಬ್ಯಾಚುಲರ್ ಬಾಣಲೆ, ಬಿ.ಟಿ.ಎಂ.

ಅಕ್ಕ, ನೀವು ಹೇಳಿದ ಮೂರು ಥರದ ಲೆಕ್ಕ ಚೆನ್ನಾಗಿದೆ. ನಮ್ಮ ರೂಮಿನಲ್ಲಿ ಸೊಪ್ಪು ಬಿಡಿಸುವವರೇ ಇಲ್ಲ, ಅದೊಂದೇ ತೊಂದರೆ.

ವಿಜಯನಗರದ ಸೊಸೆ

ನಮ್ಮ ಮನೆಯಲ್ಲಿ ಆಫರ್ ಹುಚ್ಚು ಇರುವುದು ನನಗಲ್ಲ, ನಮ್ಮವರಿಗೆ. ಆಫೀಸಿನಿಂದ ಬರುವಾಗ ಎಲ್ಲೋ ಬೋರ್ಡ್ ನೋಡುತ್ತಾರೆ. ಮೂಲಂಗಿ ಅಗ್ಗ ಅಂತ ಒಂದು ಹೊರೆ ತರುತ್ತಾರೆ. ಸೋಫಾದಲ್ಲಿ ಕೂತು 'ಎಷ್ಟು ಉಳಿಸಿದೆ ನೋಡು' ಅನ್ನುತ್ತಾರೆ. ತೊಳೆಯುವುದು, ಹೆರೆಯುವುದು, ಹೆಚ್ಚುವುದು, ಮನೆಯೆಲ್ಲ ಮೂಲಂಗಿ ವಾಸನೆ ಅಂತ ಮಕ್ಕಳ ಕೈಲಿ ಬೈಸಿಕೊಳ್ಳುವುದು ಎಲ್ಲ ನಾನು. ಹಣ ಉಳಿಸುವ ಲೆಕ್ಕದಲ್ಲಿ ಈ ಕೆಲಸಕ್ಕೆ ಬೆಲೆ ಕಟ್ಟುವವರು ಯಾರು?

ಆದ್ದರಿಂದ ಮನೆಯಲ್ಲಿ ಒಂದು ನಿಯಮ ಮಾಡಿದ್ದೇನೆ. ಕೇಳದೆ ತಂದವರೇ ಬಿಡಿಸಬೇಕು. ಅವರೆಕಾಯಿ ಕಾಲದಲ್ಲಿ ಟೀವಿ ಮುಂದೆ ಪೇಪರ್ ಹಾಸಿ ಅವರನ್ನೇ ಕೂರಿಸಿದೆ. ಹಿತಕಿದ ಬೇಳೆ ಬೇಕು ಅಂದವರು ಹಿತುಕಲಿ. ಉಗುರು ಕಪ್ಪಾದ ಮೇಲೆ ತರುವ ಪ್ರಮಾಣ ತಾನಾಗೇ ಹದಕ್ಕೆ ಬಂತು.

ಅಡುಗೆಮನೆ ಲೆಕ್ಕ, ಬನಶಂಕರಿ

ಈ ನಿಯಮ ಇವತ್ತಿನಿಂದಲೇ ನಮ್ಮ ಮನೆಯಲ್ಲೂ ಜಾರಿ. ಮೂಲಂಗಿಗೆ ಒಂದು ಉಪಾಯ: ತುರಿದು ಅಕ್ಕಿ ರೊಟ್ಟಿಗೆ ಹಾಕಿ, ಸಬ್ಬಸಿಗೆ ಸೊಪ್ಪು ಜಾಸ್ತಿ ಇರಲಿ. ಮಕ್ಕಳಿಗೆ ಗೊತ್ತೇ ಆಗುವುದಿಲ್ಲ.

ಯಾರ್ಡ್ ಹುಡುಗ, ಯಶವಂತಪುರ

ನಾನು ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಅಕ್ಕಿ ಬೇಳೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ದಿನಸಿ ವಿಷಯ ನಾನು ಹೇಳುತ್ತೇನೆ ಮೇಡಂ. ಅಂಗಡಿಯವರು ಹಾಕುವ ಆಫರ್ ಒಂದು ಕಡೆ ಇರಲಿ. ಬೆಳೆಗೇ ಒಂದು ಆಫರ್ ಕಾಲ ಇದೆ. ಅದು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ತೊಗರಿಬೇಳೆ: ಕಲಬುರಗಿ ಕಡೆಯ ಹೊಸ ತೊಗರಿ ಡಿಸೆಂಬರ್, ಜನವರಿಯಲ್ಲಿ ಬರಲು ಶುರು. ಶಿವರಾತ್ರಿ ಆಸುಪಾಸಿಗೆ ಹೊಸ ಬೇಳೆ ಧಾರಾಳವಾಗಿ ಸಿಗುತ್ತದೆ. ಕೊಳ್ಳುವುದಾದರೆ ಆಗಲೇ ಕೊಳ್ಳಿ. ಮಳೆಗಾಲ ಕಳೆದು ಹಬ್ಬಗಳು ಸಾಲಾಗಿ ಬರುವಾಗ ಹಳೆ ದಾಸ್ತಾನು ಕರಗಿರುತ್ತದೆ, ಬೆಲೆ ಬಿಗಿಯಾಗುತ್ತದೆ.

ಒಣಮೆಣಸಿನಕಾಯಿ, ಹುಣಸೆಹಣ್ಣು: ಹೊಸ ಬ್ಯಾಡಗಿ ಮಾರ್ಚ್ ತನಕ ಜೋರಾಗಿ ಬರುತ್ತದೆ. ಹೊಸ ಹುಣಸೆಯೂ ಇದೇ ಕಾಲ. ನಮ್ಮ ಅಜ್ಜಿಯಂದಿರು ಬೇಸಿಗೆಯಲ್ಲೇ ವರ್ಷದ ಸಾರಿನ ಪುಡಿ ಮಾಡಿಸುತ್ತಿದ್ದದ್ದು ಸುಮ್ನೆ ಅಲ್ಲ. ಸರಕು ಹೊಸದು, ಬಿಸಿಲು ಪುಕ್ಕಟೆ.

ರಾಗಿ: ಕಟಾವು ನವೆಂಬರ್, ಡಿಸೆಂಬರ್. ಕಾಳಾಗಿ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಿಟ್ಟಾಗಿ ಕೊಂಡರೆ ಜಾಸ್ತಿ ಕೊಡುತ್ತೀರಿ, ಬೇಗ ಮುಗ್ಗಲೂ ಆಗುತ್ತದೆ. ಬೇಕಾದಷ್ಟನ್ನು ಮಾತ್ರ ಗಿರಣಿಗೆ ಹಾಕಿಸಿ.

ಅಕ್ಕಿ: ಇದರಲ್ಲಿ ಒಂದು ತಮಾಷೆ ಇದೆ. ನಗರದ ಅಂಗಡಿಗಳಲ್ಲಿ ಸೋನಾ ಮಸೂರಿ ಮೂಟೆ 26 ಕೆ.ಜಿ. ಯಾಕೆ ಇರುತ್ತದೆ ಅಂತ ಯೋಚಿಸಿದ್ದೀರಾ? ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಾಕಿದ 25 ಕೆ.ಜಿ. ತನಕದ ಅಕ್ಕಿ, ಬೇಳೆ, ಹಿಟ್ಟಿಗೆ 2022ರ ಜುಲೈ 18ರಿಂದ ಶೇ. 5 ಜಿ.ಎಸ್.ಟಿ. ಬಂತು. ಮಿಲ್‌ನವರು ಒಂದು ಕೆ.ಜಿ. ಜಾಸ್ತಿ ತುಂಬಿಸಿ ಆಚೆ ಬಂದರು. ನಾಲ್ಕು ಜನರ ಮನೆಗೆ ಐದೈದು ಕೆ.ಜಿ. ಪ್ಯಾಕೆಟ್‌ಗಿಂತ ಆ ಮೂಟೆ ಲಾಭ. ಅಂಗಡಿಯಲ್ಲಿ ತೂಗಿ ಕೊಡುವ ಬಿಡಿ ಅಕ್ಕಿ, ಬೇಳೆಗೂ ಈ ತೆರಿಗೆ ಇಲ್ಲ. ಹಾಗೆಯೇ ಹೊಸ ಅಕ್ಕಿ ಅಗ್ಗ ಅಂತ ಅನ್ನಕ್ಕೆ ಮೂಟೆಗಟ್ಟಲೆ ಕೊಳ್ಳಬೇಡಿ. ಮುದ್ದೆಯಾಗುತ್ತದೆ, ಅರಳುವುದಿಲ್ಲ. ಹಳೆ ಅಕ್ಕಿ ದುಬಾರಿಯಾದರೂ ಪಾತ್ರೆ ತುಂಬುತ್ತದೆ.

ಈರುಳ್ಳಿ: ಚಳ್ಳಕೆರೆ, ಗದಗ, ವಿಜಯಪುರ ಕಡೆಯಿಂದ ಮಳೆಗಾಲ ಮುಗಿಯುವಾಗ ಬರುವ ಈರುಳ್ಳಿಯಲ್ಲಿ ನೀರಿನಂಶ ಜಾಸ್ತಿ. ವಾರಕ್ಕೆ ಬೇಕಾದಷ್ಟೇ ತನ್ನಿ. ಮಹಾರಾಷ್ಟ್ರದ ಬೇಸಿಗೆ ಈರುಳ್ಳಿ ಏಪ್ರಿಲ್, ಮೇನಲ್ಲಿ ಬರುತ್ತದೆ. ಗಟ್ಟಿ ಸಿಪ್ಪೆ, ತಿಂಗಳುಗಟ್ಟಲೆ ನಿಲ್ಲುತ್ತದೆ. ಮೂಟೆ ಕೊಳ್ಳುವುದು ಆಗ. 2019ರ ಡಿಸೆಂಬರ್‌ನಲ್ಲಿ ಈರುಳ್ಳಿ ಕೆ.ಜಿ.ಗೆ 100 ದಾಟಿದಾಗ ಎಷ್ಟೋ ಹೋಟೆಲ್‌ಗಳಲ್ಲಿ ಈರುಳ್ಳಿ ದೋಸೆಯೇ ಕಾಣೆಯಾಗಿತ್ತು.

ದಿನದ ಧಾರಣೆ ಬೇಕಾದರೆ ಕೃಷಿ ಮಾರಾಟ ವಾಹಿನಿ ಜಾಲತಾಣ ನೋಡಿ. ಅದು ಸಗಟು ಬೆಲೆ, ನಿಮಗೆ ಸಿಗುವ ಬೆಲೆ ಅಲ್ಲ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಗೊತ್ತಾಗುತ್ತದೆ.

ಇಬ್ಬರೂ ದುಡಿಯುವವರು, ಎಚ್.ಎಸ್.ಆರ್.

ಎಲ್ಲರೂ ಬೇಜಾರು ಮಾಡಿಕೊಳ್ಳಬೇಡಿ, ನಾನು ವಿರುದ್ಧ ಮಾತಾಡುತ್ತೇನೆ. ನಾವಿಬ್ಬರೂ ಮನೆ ಸೇರುವುದು ರಾತ್ರಿ ಎಂಟಕ್ಕೆ. ಶನಿವಾರ ಮಗುವಿನ ಕ್ಲಾಸು, ಭಾನುವಾರ ಬಟ್ಟೆ, ಮನೆ ಕ್ಲೀನಿಂಗ್. ದರಪಟ್ಟಿ ನೋಡಿ, ಮಾರುಕಟ್ಟೆಗೆ ಹೋಗಿ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು, ಪಾರ್ಕಿಂಗ್‌ಗೆ ಪರದಾಡಿ ಬಂದರೆ ಉಳಿಯುವುದು ಎಷ್ಟು? ಪೆಟ್ರೋಲ್ ಖರ್ಚು ಕಳೆದರೆ ಮಿಕ್ಕುವುದು ಪುಡಿಗಾಸು. ನನ್ನ ಭಾನುವಾರ ಬೆಳಿಗ್ಗೆಗೆ ಅದಕ್ಕಿಂತ ಬೆಲೆ ಇದೆ. ಹತ್ತು ನಿಮಿಷದಲ್ಲಿ ಬಾಗಿಲಿಗೆ ತಂದುಕೊಡುವ ಆ್ಯಪ್‌ಗಳು ಇರುವಾಗ ಇದೆಲ್ಲ ನಿವೃತ್ತರ ಹವ್ಯಾಸ ಅನ್ನಿಸುತ್ತದೆ. ತಪ್ಪಾದರೆ ಕ್ಷಮಿಸಿ.

ಬ್ಯಾಚುಲರ್ ಬಾಣಲೆ, ಬಿ.ಟಿ.ಎಂ.

ಗುರುಗಳೇ, ಆ ಹತ್ತು ನಿಮಿಷದ ಬಿಲ್ಲನ್ನು ಒಮ್ಮೆ ಕೆಳಗಿನ ತನಕ ಓದಿ. ಹ್ಯಾಂಡ್ಲಿಂಗ್ ಚಾರ್ಜ್, ಡೆಲಿವರಿ ಚಾರ್ಜ್, ಕಡಿಮೆ ಸಾಮಾನು ತರಿಸಿದರೆ ಸಣ್ಣ ಕಾರ್ಟ್‌ಗೆ ಬೇರೆ ಚಾರ್ಜ್, ಮಳೆ ಬಂದರೆ ಮಳೆಗೂ ಚಾರ್ಜ್. ಒಂದು ಕಟ್ಟು ಕೊತ್ತಂಬರಿ ತರಿಸಲು ಹೋಗಿ, ಡೆಲಿವರಿ ಉಚಿತ ಆಗಲಿ ಅಂತ ಚಿಪ್ಸ್, ಐಸ್‌ಕ್ರೀಂ ಸೇರಿಸುವ ಜನ ನಾವು. ನಾನೀಗ ಚೀಟಿಯಲ್ಲಿ ಬರೆದಿಟ್ಟು ವಾರಕ್ಕೆ ಒಂದೇ ಸಲ ತರಿಸುತ್ತೇನೆ.

ಇಬ್ಬರೂ ದುಡಿಯುವವರು, ಎಚ್.ಎಸ್.ಆರ್.

ಐಸ್‌ಕ್ರೀಂ ವಿಷಯ ನಿಜ. ವಾದ ಮಾಡುವುದಿಲ್ಲ.

ಲೇಬಲ್ ಓದುಗ, ರಾಜಾಜಿನಗರ

ಸೂಪರ್ ಮಾರ್ಕೆಟ್ ಆಫರ್ ಬಗ್ಗೆ ಮೇಡಂ ಕೇಳಿದ್ದಕ್ಕೆ ನನ್ನ ಎರಡು ಮಾತು. ಶೇಕಡಾ ಎಷ್ಟು ಬಿಟ್ಟಿದ್ದಾರೆ ಅಂತ ನೋಡಲೇಬೇಡಿ. ಎಂ.ಆರ್.ಪಿ. ಮೇಲೆ ಕೊಡುವ ರಿಯಾಯಿತಿ ಅದು. ಎಂ.ಆರ್.ಪಿ.ಯೇ ದೊಡ್ಡದಾಗಿದ್ದರೆ ಅರ್ಧ ಬೆಲೆ ಅಂದರೂ ಪಕ್ಕದ ದಿನಸಿ ಅಂಗಡಿಗಿಂತ ದುಬಾರಿ ಇರಬಹುದು.

ನೋಡಬೇಕಾದ್ದು ಗ್ರಾಂಗೆ ಎಷ್ಟು ಅಂತ. ಈಗ ಪೊಟ್ಟಣದ ಮೇಲೆ ಎಂ.ಆರ್.ಪಿ. ಜೊತೆ ಅದನ್ನೂ ಮುದ್ರಿಸುತ್ತಾರೆ. ಅಕ್ಷರ ಇರುವೆ ಗಾತ್ರದ್ದು. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ, ನಾಚಿಕೆ ಬೇಡ.

ಅಡುಗೆ ಎಣ್ಣೆ ತೆಗೆದುಕೊಳ್ಳಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಕ್ಕದಲ್ಲೇ ಅದೇ ಎತ್ತರದ, ಅದೇ ಅಗಲದ ಇನ್ನೊಂದು ಪ್ಯಾಕೆಟ್ ಇರುತ್ತದೆ. ಒಳಗೆ 850 ಗ್ರಾಂ, ಇಲ್ಲ 800 ಗ್ರಾಂ. ಹತ್ತು ರೂಪಾಯಿ ಕಡಿಮೆ ಅಂತ ಕೈ ಅದರ ಕಡೆ ಹೋಗುತ್ತದೆ. 910 ಗ್ರಾಂನದ್ದು 150 ರೂಪಾಯಿ, 800 ಗ್ರಾಂನದ್ದು 140 ರೂಪಾಯಿ ಅಂದುಕೊಳ್ಳಿ. ಮೊದಲನೆಯದು 100 ಗ್ರಾಂಗೆ ಹದಿನಾರೂವರೆ, ಎರಡನೆಯದು ಹದಿನೇಳೂವರೆ. ಅಗ್ಗ ಅಂತ ಕಂಡದ್ದೇ ದುಬಾರಿ. ಬಿಸ್ಕತ್ತು, ಸೋಪಿನ ಪುಡಿ, ಟೀ ಪುಡಿ ಎಲ್ಲದರಲ್ಲೂ ಇದೇ ಆಟ.

'ಒಂದು ಕೊಂಡರೆ ಒಂದು ಉಚಿತ' ಅಂದಾಗ ಬೋರ್ಡ್ ಬಿಟ್ಟು ತಾರೀಖು ನೋಡಿ. ನಮ್ಮ ಕಡೆಯ ಒಂದು ದೊಡ್ಡ ಅಂಗಡಿಯಲ್ಲಿ ಉಚಿತ ಅಂತ ಕೊಟ್ಟ ಓಟ್ಸ್ ಡಬ್ಬದ ಅವಧಿ ಇನ್ನು ಮೂರು ವಾರ ಮಾತ್ರ ಇತ್ತು. ಕೌಂಟರ್ ಹುಡುಗನನ್ನು ಕೇಳಿದರೆ 'ಬೇಗ ಬೇಗ ತಿನ್ನಿ ಸಾರ್' ಅಂದ.

ನನ್ನ ಪ್ರಕಾರ ದೊಡ್ಡ ಸೇಲ್‌ನಲ್ಲಿ ತುಂಬಿಸಿಡಬೇಕಾದ್ದು ಸೋಪು, ಪಾತ್ರೆ ತೊಳೆಯುವುದು, ಟೂತ್‌ಪೇಸ್ಟ್, ಎಣ್ಣೆ, ಸಕ್ಕರೆ. ತಿಂಡಿ ಪೊಟ್ಟಣ ತುಂಬಿಸಿಟ್ಟರೆ ತಿಂಗಳಿಗೆ ಬರಬೇಕಾದ್ದು ವಾರಕ್ಕೇ ಖಾಲಿ. ಮನೆಯಲ್ಲಿ ಇದೆ ಅಂತ ಗೊತ್ತಾದರೆ ಮಕ್ಕಳ ಕೈ ನಿಲ್ಲುತ್ತದಾ?

ಹಳೇ ಬಸವನಗುಡಿ

ನಿವೃತ್ತರ ಹವ್ಯಾಸ ಅಂದರಲ್ಲ, ಹೌದಪ್ಪ, ನಾನು ನಿವೃತ್ತನೇ. ಬೆಳಿಗ್ಗೆ ವಾಕಿಂಗ್ ಮುಗಿಸಿ ಗಾಂಧಿ ಬಜಾರಿನಲ್ಲಿ ಎರಡು ಸುತ್ತು ಹಾಕದಿದ್ದರೆ ಕಾಫಿ ಇಳಿಯುವುದಿಲ್ಲ.

ನಮ್ಮದು ಮಾಧ್ವರ ಮನೆ. ಚಾತುರ್ಮಾಸ್ಯ ಬಂದರೆ ಅಡುಗೆ ಯೋಜನೆಯನ್ನು ಪಂಚಾಂಗವೇ ಮಾಡಿಕೊಡುತ್ತದೆ. ಮೊದಲ ತಿಂಗಳು ಶಾಕ ವ್ರತ, ತರಕಾರಿ ಇಲ್ಲ. ಎರಡನೆಯದು ಮೊಸರಿಲ್ಲ, ಮೂರನೆಯದು ಹಾಲಿಲ್ಲ, ನಾಲ್ಕನೆಯದು ದ್ವಿದಳ ವ್ರತ, ಬೇಳೆ ಇಲ್ಲ. ಹೊರಗೆ ಮಳೆ ಹೊಡೆದು ತರಕಾರಿ ಬೆಲೆ ಏರಿದ್ದರೆ ಮೊದಲ ತಿಂಗಳು ನಮಗೆ ಅದರ ಬಿಸಿ ತಟ್ಟುವುದೇ ಇಲ್ಲ. ಹಣ ಉಳಿಸಲು ವ್ರತ ಮಾಡಿದ್ದಲ್ಲ, ಆದರೆ ಉಳಿಯುವುದು ಸುಳ್ಳಲ್ಲ. ಈ ನಾಲ್ಕು ತಿಂಗಳಲ್ಲಿ ನನ್ನ ಹೆಂಡತಿ ಮಾಡುವ ಅಡುಗೆ ನೋಡಿದರೆ ಒಂದು ಪದಾರ್ಥ ಇಲ್ಲದಿದ್ದರೆ ಅಡುಗೆಯೇ ಆಗುವುದಿಲ್ಲ ಅನ್ನುವವರ ಮಾತು ಸುಳ್ಳು ಅನ್ನಿಸುತ್ತದೆ.

ಹಬ್ಬದ ಹಿಂದಿನ ದಿನ ಮಾತ್ರ ಗಾಂಧಿ ಬಜಾರಿಗೆ ಬರಬೇಡಿ. ವರಮಹಾಲಕ್ಷ್ಮಿ, ಗೌರಿ ಹಬ್ಬ, ಆಯುಧ ಪೂಜೆ ಬಂದರೆ ಏಲಕ್ಕಿ ಬಾಳೆ, ಹೂವು, ಬೂದುಗುಂಬಳ ಎಲ್ಲ ಆಕಾಶಕ್ಕೆ. ಬಾಳೆಹಣ್ಣನ್ನು ನಾಲ್ಕು ದಿನ ಮೊದಲೇ ಕಾಯಿಯಾಗಿ ತಂದು ಮನೆಯಲ್ಲಿ ಹಣ್ಣು ಮಾಡುತ್ತೇವೆ. ಹೂವಿಗೆ ಉಪಾಯ ಇಲ್ಲ. ದೇವರು ಒಂದು ಮೊಳ ಕಡಿಮೆ ಮುಡಿಯುತ್ತಾನೆ, ಅಷ್ಟೆ.

ಗುಡ್ಡೆ ಬಾಡು, ಕಾಮಾಕ್ಷಿಪಾಳ್ಯ

ಎಲ್ಲರೂ ಸೊಪ್ಪು ಬೇಳೆ ಅಂತಲೇ ಹೊರಟಿದ್ದೀರಿ. ಬಾಡು ತಿನ್ನುವವರ ಲೆಕ್ಕವೂ ಇರಲಿ.

ಶ್ರಾವಣ ಬಂತು ಅಂದರೆ ಅರ್ಧ ಊರು ಮಾಂಸ ಬಿಡುತ್ತದೆ. ಕೋಳಿ ಬೆಲೆ ಇಳಿಯುವುದು ಆಗಲೇ. ಬಿಡದವರಿಗೆ ಹಬ್ಬ. ಮೊಟ್ಟೆ ಬೆಲೆ ಚಳಿಗಾಲದಲ್ಲಿ ಏರುತ್ತದೆ, ಬೇಸಿಗೆಗೆ ಇಳಿಯುತ್ತದೆ. ದಿನದ ದರ ಪೇಪರಿನಲ್ಲಿ 100 ಮೊಟ್ಟೆ ಲೆಕ್ಕದಲ್ಲಿ ಬರುತ್ತದೆ. ಅದನ್ನು ನೋಡಿಕೊಂಡು 30ರ ಟ್ರೇ ಕೇಳಿ. ಬಿಡಿಯಾಗಿ ಆರು ಆರು ಕೊಳ್ಳುವುದು ನಷ್ಟ.

ಕುರಿ ಮಾಂಸ ಕೊಳ್ಳಬಾರದ ದಿನ ಯಾವುದು? ಯುಗಾದಿ ಮಾರನೆಯ ದಿನ ಹೊಸತೊಡಕು. ಬೆಳಗಿನ ಜಾವಕ್ಕೇ ಅಂಗಡಿ ಮುಂದೆ ಸಾಲು. ಆದರೆ ತಿನ್ನದೆ ಇರುವ ಹಾಗಿಲ್ಲವಲ್ಲ. ಅದಕ್ಕೇ ನಮ್ಮ ಬೀದಿಯಲ್ಲಿ ಚೀಟಿ ಹಾಕುತ್ತೇವೆ. ತಿಂಗಳಿಗಿಷ್ಟು ಅಂತ ಕಟ್ಟಿ, ಹಬ್ಬಕ್ಕೆ ಮೊದಲೇ ಸಂತೆಯಲ್ಲಿ ಮರಿ ತಂದು ಕಟ್ಟಿ ಹಾಕಿ, ಹೊಸತೊಡಕಿನ ದಿನ ಕುಯ್ಯಿಸಿ ಗುಡ್ಡೆ ಹಾಕುತ್ತೇವೆ. ಪ್ರತಿ ಗುಡ್ಡೆಗೂ ತೊಡೆ, ಎದೆ, ಈಲಿ, ಮೂಳೆ ಸಮ ಪಾಲು. ಯಾರಿಗೆ ಯಾವ ಗುಡ್ಡೆ ಅಂತ ಚೀಟಿ ಎತ್ತುವುದು. ಅಂಗಡಿ ಬೆಲೆಗಿಂತ ಕಡಿಮೆ ಬೀಳುತ್ತದೆ, ಮಾಂಸ ಯಾವುದು ಅಂತ ಕಣ್ಣಾರೆ ನೋಡಿರುತ್ತೀವಿ. ತಲೆ ಕಾಲು ಯಾರಿಗೆ ಅನ್ನುವುದಕ್ಕೆ ಮಾತ್ರ ಪ್ರತಿ ವರ್ಷ ಒಂದು ಜಗಳ.

ಆ ಮಾಂಸ ಒಂದೇ ದಿನಕ್ಕೆ ಮುಗಿಸಬೇಡಿ. ಮೂಳೆ ಸಾರು ಒಂದು ದಿನ, ಈಲಿ ಫ್ರೈ ಒಂದು ದಿನ, ಕೈಮ ಉಂಡೆ ಒಂದು ದಿನ.

ಅಡುಗೆಮನೆ ಲೆಕ್ಕ, ಬನಶಂಕರಿ

ಎಚ್.ಎಸ್.ಆರ್. ಅವರೇ, ನಿಮ್ಮ ಮಾತಿಗೆ ಉತ್ತರ ಕೊಡದೆ ಬಿಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಮಾರುಕಟ್ಟೆಗೆ ಹೋಗಿ ಅಂತ ನಾನು ಹೇಳಲೇ ಇಲ್ಲ. ನಾನು ಕೆ.ಆರ್. ಮಾರುಕಟ್ಟೆಗೆ ಹೋಗುವುದು ದೊಡ್ಡ ಹಬ್ಬ ಇದ್ದಾಗ ಮಾತ್ರ. ಬನಶಂಕರಿಯಿಂದ ಹಸಿರು ಮಾರ್ಗದಲ್ಲಿ ನೇರ ಮೆಟ್ರೊ ಇದೆ, ಪಾರ್ಕಿಂಗ್ ಕಾಟ ಇಲ್ಲ. ಮಿಕ್ಕ ದಿನ ಮನೆ ಮುಂದಿನ ತಳ್ಳುಗಾಡಿಯೇ ಗತಿ. ನಿಮ್ಮ ಆ್ಯಪ್ಪಿನಲ್ಲೂ ಇದೇ ಲೆಕ್ಕ ನಡೆಯುತ್ತದೆ. ಅಂಗಡಿ ಬದಲಾಯಿಸಿದರೆ ಕೆ.ಜಿ.ಗೆ ಐದೋ ಹತ್ತೋ ಉಳಿಯಬಹುದು. ತರಕಾರಿಯನ್ನೇ ಬದಲಾಯಿಸಿದರೆ ಐವತ್ತು, ಅರವತ್ತು ಉಳಿಯುವ ದಿನಗಳಿವೆ. ಅದಕ್ಕೆ ಪೆಟ್ರೋಲ್ ಬೇಡ, ಮನಸ್ಸು ಸ್ವಲ್ಪ ಸಡಿಲ ಇದ್ದರೆ ಸಾಕು.

2023ರ ಜುಲೈ ನೆನಪು ಮಾಡಿಕೊಳ್ಳಿ. ಟೊಮೆಟೊ 100 ದಾಟಿ ಎಲ್ಲರೂ ಹೌಹಾರಿದ್ದರು. ನಮ್ಮ ಅತ್ತೆ ಮಾತ್ರ ನಕ್ಕರು. ಅವರ ಕೈಯ ಸಾರಿಗೆ ಟೊಮೆಟೊ ಬೇಕಾಗೇ ಇಲ್ಲ. ಹುಣಸೆಹಣ್ಣು ನೆನೆಸಿ, ಗಿವುಚಿ, ಬೆಲ್ಲದ ಚೂರು, ಇಂಗು. ಬೇಳೆ ಕಟ್ಟಿನ ಸಾರು ಅಂದರೆ ಅದೇ. ಮಾವಿನಕಾಯಿ ಕಾಲದಲ್ಲಿ ಹುಳಿಗೆ ಮಾವಿನಕಾಯಿ, ಇಲ್ಲದಿದ್ದರೆ ಹುಳಿ ಮಜ್ಜಿಗೆ, ನಿಂಬೆಹಣ್ಣು. ಈರುಳ್ಳಿ, ಟೊಮೆಟೊ ಹುರಿದು ಗ್ರೇವಿ ಮಾಡುವ ಅಡುಗೆ ಕಲಿತ ಮೇಲೆ ನಾವು ಆ ಎರಡರ ಬೆಲೆಗೆ ಕಟ್ಟುಬಿದ್ದಿದ್ದೇವೆ.

ತೆಂಗಿನಕಾಯಿಯೂ ಹಾಗೆ. 2025ರಲ್ಲಿ ಬೆಲೆ ಏರಿದ ಮೇಲೆ ಚಟ್ನಿಗೆ ಕಾಯಿ ಕಡಿಮೆ ಮಾಡಿ ಹುರಿಗಡಲೆ ಜಾಸ್ತಿ ಹಾಕುತ್ತೇನೆ. ವಾರದಲ್ಲಿ ಎರಡು ದಿನ ಕಡಲೆಕಾಯಿ ಬೀಜದ ಚಟ್ನಿ. ಬಸ್ಸಾರಿಗೆ ಮಾತ್ರ ಕಾಯಿ ಕಡಿಮೆ ಮಾಡುವುದಿಲ್ಲ. ಅಲ್ಲಿ ಜಿಪುಣತನ ಮಾಡಿದರೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ.

ಒಂದೇ ಪದಾರ್ಥ ದಿನಾ ತಿಂದರೆ ಬೇಜಾರಾಗುವುದಿಲ್ಲವಾ ಅಂತ ಕೇಳಬಹುದು. ಚಳಿಗಾಲದ ಅವರೆಕಾಯಿ ವಾರ ಹೇಗಿರುತ್ತದೆ ಹೇಳುತ್ತೇನೆ. ಮಾಗಡಿ ಕಡೆಯ ಕಾಯಿ, ಸಿಪ್ಪೆ ಮುಟ್ಟಿದರೆ ಬೆರಳಿಗೆ ಸೊಗಡು ಅಂಟಬೇಕು. ಮೊದಲ ದಿನ ಅವರೆಕಾಳು ಹುಳಿ. ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು. ಮರುದಿನ ಅಕ್ಕಿ ರೊಟ್ಟಿಗೆ ಎರಡು ಹಿಡಿ ಕಾಳು. ಭಾನುವಾರ ಎಲ್ಲರೂ ಕೂತು ಹಿತುಕಿ ಬೇಳೆ ಸಾರು, ಮಿಕ್ಕ ಬೇಳೆ ಎಣ್ಣೆಯಲ್ಲಿ ಕರಿದು ಮಗಳ ಸಂಜೆ ತಿಂಡಿಗೆ. ಐದು ಅಡುಗೆ, ಒಂದೇ ಕಾಯಿ. ಯಾರೂ ಬೇಜಾರು ಅಂದಿಲ್ಲ, ಇನ್ನೂ ತನ್ನಿ ಅಂದರು.

ಇಬ್ಬರೂ ದುಡಿಯುವವರು, ಎಚ್.ಎಸ್.ಆರ್.

ತರಕಾರಿ ಬದಲಾಯಿಸುವ ಮಾತು ಒಪ್ಪಿದೆ. ಆ್ಯಪ್ಪಿನಲ್ಲಿ ಬೆಲೆ ಕಡಿಮೆಯಿಂದ ಜಾಸ್ತಿಗೆ ಜೋಡಿಸಿ ನೋಡುವ ಸೌಲಭ್ಯ ಇದೆ. ಈಗ ನೋಡಿದೆ, ಮೇಲಿನ ನಾಲ್ಕು: ಕೋಸು, ಮೂಲಂಗಿ, ಬೀಟ್‌ರೂಟ್, ಹರಿವೆ ಸೊಪ್ಪು. ಇದರಲ್ಲಿ ನನ್ನ ಹೆಂಡತಿ ತಿನ್ನುವುದು ಒಂದು, ಮಗು ತಿನ್ನುವುದು ಯಾವುದೂ ಇಲ್ಲ. ಸಹಾಯ ಮಾಡಿ.

ವಿಜಯನಗರದ ಸೊಸೆ

ಬೀಟ್‌ರೂಟ್ ತುರಿದು ಪೂರಿ ಹಿಟ್ಟಿಗೆ ಕಲಸಿ. ಬಣ್ಣ ನೋಡಿಯೇ ಮಗು ತಿನ್ನುತ್ತದೆ. ಕೋಸನ್ನು ಸಣ್ಣಗೆ ಹೆಚ್ಚಿ ಕಡಲೆಹಿಟ್ಟಿಗೆ ಹಾಕಿ ಪಕೋಡ ಮಾಡಿ. ಹರಿವೆ ಸೊಪ್ಪಿಗೆ ಬೇಳೆ, ಬೆಳ್ಳುಳ್ಳಿ ಹಾಕಿ ಮಸೆದರೆ ಮಸ್ಸೊಪ್ಪು, ಅನ್ನಕ್ಕೆ ತುಪ್ಪ ಧಾರಾಳ. ಮೂಲಂಗಿ ಬಗ್ಗೆ ನನ್ನನ್ನು ಕೇಳಬೇಡಿ.

ಕೋಲಾರದ ಕಡೆಯವ, ಕೆ.ಆರ್. ಪುರ

ಎಲ್ಲರ ಮಾತು ಓದಿದೆ. ನಮ್ಮ ಮನೆಯಲ್ಲಿ ಟೊಮೆಟೊ ಬೆಳೆಯುತ್ತಾರೆ. ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ ಲೆಕ್ಕ. 2023ರಲ್ಲಿ ಬಾಕ್ಸ್ 2,000 ರೂಪಾಯಿ ದಾಟಿದ್ದು ಎಲ್ಲ ಟೀವಿಯಲ್ಲೂ ಬಂತು. ಅದೇ ಬಾಕ್ಸಿಗೆ ಕೀಳುವ ಕೂಲಿಯೂ ಹುಟ್ಟದ ದಿನಗಳು ಟೀವಿಯಲ್ಲಿ ಬರುವುದು ಕಡಿಮೆ. ಹಣ್ಣು ರಸ್ತೆ ಬದಿಗೆ ಸುರಿದು ಬರುತ್ತೇವೆ.

ಬೆಲೆ ಬಿದ್ದಾಗ ಜಾಸ್ತಿ ಕೊಳ್ಳಿ ಅನ್ನುವುದು ನನಗೂ ಇಷ್ಟ. ಆದರೆ ಆಗಲೂ ತಳ್ಳುಗಾಡಿಯವರ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡಬೇಡಿ. ಐದು ಕೆ.ಜಿ. ತಂದು ಟೊಮೆಟೊ ತೊಕ್ಕು ಮಾಡಿ. ಬೆಳ್ಳುಳ್ಳಿ, ಮೆಂತ್ಯ, ಖಾರ ಹಾಕಿ ಎಣ್ಣೆ ಬಿಡುವ ತನಕ ಬಾಡಿಸಿದರೆ ಫ್ರಿಜ್ಜಿನಲ್ಲಿ ತಿಂಗಳು ಇರುತ್ತದೆ. ಸಾರಿಗೆ ನಾಟಿ ಟೊಮೆಟೊ ಹುಳಿ ಚೆನ್ನ. ತೊಕ್ಕಿಗೆ ತಿರುಳು ಜಾಸ್ತಿ ಇರುವ ಗಟ್ಟಿ ಹಣ್ಣು ಬೇಗ ಗಟ್ಟಿಯಾಗುತ್ತದೆ, ಗ್ಯಾಸ್ ಕಡಿಮೆ ಸಾಕು.

ಬ್ಯಾಚುಲರ್ ಬಾಣಲೆ, ಬಿ.ಟಿ.ಎಂ.

ಅಣ್ಣ, ತೊಕ್ಕು ನಮ್ಮ ರೂಮಿನ ರಾಷ್ಟ್ರೀಯ ಆಹಾರ ಆಗುವ ಲಕ್ಷಣ ಇದೆ. ತಿಂಗಳ ಕೊನೆಗೆ ಕೈ ಖಾಲಿಯಾದರೆ ಇಂದಿರಾ ಕ್ಯಾಂಟೀನ್. 2017ರಲ್ಲಿ ಶುರುವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಇಟ್ಟಿದ್ದರು. ಆ ದುಡ್ಡಿಗೆ ಮನೆಯಲ್ಲಿ ಒಗ್ಗರಣೆಯೂ ಆಗುವುದಿಲ್ಲ.

ಹೊಸ ಸಂಸಾರ, ಕೆಂಗೇರಿ

ಯಾರ್ಡ್ ಸರ್, ನಿಮ್ಮ ಮಾತು ಕೇಳಿ ತೊಗರಿಬೇಳೆ ಒಟ್ಟಿಗೆ ತರೋಣ ಅಂತಿದ್ದೇವೆ. ಹುಳ ಬೀಳದ ಹಾಗೆ ಇಡುವುದು ಹೇಗೆ? ರವೆ, ಬಟಾಣಿಗೂ ಹೇಳಿ. ಫ್ರಿಜ್ ಚಿಕ್ಕದು.

ಯಾರ್ಡ್ ಹುಡುಗ, ಯಶವಂತಪುರ

ಬೇಳೆಯನ್ನು ಒಂದು ಮಧ್ಯಾಹ್ನ ಬಿಸಿಲಿಗೆ ಹಾಕಿ. ಆರಿದ ಮೇಲೆ ಅಂಗೈಗೆ ಹರಳೆಣ್ಣೆ ಹಚ್ಚಿಕೊಂಡು ಬೇಳೆಯನ್ನು ಸವರಿ. ಒದ್ದೆ ಆಗಬಾರದು, ಬೇಳೆ ಮಿಂಚಬೇಕು ಅಷ್ಟೆ. ಐದು ಕೆ.ಜಿ.ಗೆ ಎರಡು ಮೂರು ಚಮಚ ಸಾಕು. ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬಿ. ಬೇಯಿಸುವ ಮೊದಲು ಬಿಸಿನೀರಿನಲ್ಲಿ ತೊಳೆದರೆ ಎಣ್ಣೆ ಹೋಗುತ್ತದೆ. ರವೆ ತಂದ ದಿನವೇ ಹುರಿದು, ಪೂರ್ತಿ ತಣ್ಣಗಾದ ಮೇಲೆ ಡಬ್ಬಕ್ಕೆ. ಬಿಸಿ ಇರುವಾಗ ಮುಚ್ಚಿದರೆ ಬೆವರಿ ಮುಗ್ಗುತ್ತದೆ.

ಹಸಿ ಬಟಾಣಿ ಕಾಲ ಮುಗಿಯುತ್ತಾ ಬಂತು, ಬೇಗ ತನ್ನಿ. ಸುಲಿದು, ಕುದಿಯುವ ನೀರಿಗೆ ಎರಡು ನಿಮಿಷ ಹಾಕಿ ತೆಗೆದು, ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ಆರಿಸಿ ಫ್ರೀಜರ್‌ಗೆ. ಫ್ರಿಜ್ ಚಿಕ್ಕದಾದರೆ ಸಣ್ಣ ಪೊಟ್ಟಣ ಮಾಡಿ ಚಪ್ಪಟೆಯಾಗಿ ಒಂದರ ಮೇಲೊಂದು ಇಡಿ. ಹೊಸ ಸಂಸಾರ ಅಂತೀರಿ, ಇಬ್ಬರಿಗೆ ಐದು ಕೆ.ಜಿ. ಬೇಳೆ ಸಾಕು. ಅಗ್ಗ ಅಂತ ಮೂಟೆ ಎತ್ತಬೇಡಿ.

ಲೇಬಲ್ ಓದುಗ, ರಾಜಾಜಿನಗರ

ಮೂಟೆ ಬೇಕು ಅನ್ನುವವರು ಹಂಚಿಕೊಳ್ಳಬಹುದಲ್ಲ. ಯುಗಾದಿ ಕಳೆದ ಮೇಲೆ ಯಾರ್ಡ್‌ನಿಂದ ಗಟ್ಟಿ ಈರುಳ್ಳಿ ಒಂದು ಮೂಟೆ ತರುವ ಯೋಚನೆ ನನ್ನದು. ಸುಮಾರು 50 ಕೆ.ಜಿ. ಇರುತ್ತದೆ. ರಾಜಾಜಿನಗರ, ವಿಜಯನಗರ, ಕಾಮಾಕ್ಷಿಪಾಳ್ಯದ ಸುತ್ತ ಇರುವವರು ಐದು ಮನೆ ಸೇರಿದರೆ ತಲಾ 10 ಕೆ.ಜಿ. ಆಟೋ ಬಾಡಿಗೆಯೂ ಐದು ಪಾಲು.

ಗುಡ್ಡೆ ಬಾಡು, ಕಾಮಾಕ್ಷಿಪಾಳ್ಯ

ನನ್ನದೊಂದು ಪಾಲು. ಚೀಟಿ ಎತ್ತುವ ಕೆಲಸವೂ ನನಗೇ ಇರಲಿ, ಅನುಭವ ಇದೆ. ತೂಕದ ತಕ್ಕಡಿ ಯಾರ ಹತ್ತಿರ ಇದೆ?

ವಿಜಯನಗರದ ಸೊಸೆ

ನಮ್ಮದೂ 10 ಕೆ.ಜಿ. ಹಾಕಿ. ಹೊತ್ತು ತರಲು ನಮ್ಮವರನ್ನು ಕಳಿಸುತ್ತೇನೆ, ಆದರೆ ದಾರಿಯಲ್ಲಿ ಬೇರೆ ಬೋರ್ಡ್ ನೋಡದ ಹಾಗೆ ಯಾರಾದರೂ ಜೊತೆಗಿರಿ.

ಯಾರ್ಡ್ ಹುಡುಗ, ಯಶವಂತಪುರ

ತಕ್ಕಡಿ ನಮ್ಮ ಮಂಡಿಯಲ್ಲೇ ಇದೆ, ಅಲ್ಲೇ ತೂಗಿ ಹಂಚಿಕೊಳ್ಳಿ. ಭಾನುವಾರ ಬೇಡ. ವಾರದ ದಿನ ಬೆಳಿಗ್ಗೆ ಬೇಗ ಬನ್ನಿ. ಮೂಟೆ ಬಿಚ್ಚಿಸಿ ಅಡಿಯ ಸರಕು ನೋಡದೆ ದುಡ್ಡು ಕೊಡಬೇಡಿ, ನಾನು ಹೇಳಿದೆ ಅಂತ ಹೇಳಬೇಡಿ.